ಸೂಜಿ ಬೇಡ ಅಂದವರು

ಶ್ರಾವ್ಯಾ, ನಿಶಾಂತಾ,

ಇದು ನಿಮ್ಮಿಬ್ಬರಿಗೆ ಬರೆದದ್ದು. ನಿಶಾಂತಾ, ನಿನಗೆ ಓದಲು ಬೇಜಾರಾದರೆ ಅಕ್ಕನ ಹತ್ತಿರ ಓದಿಸಿಕೋ. ನನಗೆ ಬರೆದು ರೂಢಿಯಿಲ್ಲ. ಹಿರಿಯಡ್ಕದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಕಲಿತವಳು ನಾನು. ಮಾಸ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದೊಂದು ಧೈರ್ಯ.

ಶ್ರಾವ್ಯಾ, ಕೊರೋನಾ ಸಮಯದಲ್ಲಿ ನೀನು ಆರೋಗ್ಯ ಕೇಂದ್ರದ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಒಂದು ಸಂಜೆ ಮನೆಗೆ ಬಂದವಳು ಚೀಲವನ್ನು ಜಗಲಿಯಲ್ಲಿ ಬಿಸಾಡಿ, "ಈ ಜನಕ್ಕೆ ತಲೆ ಇಲ್ಲ ಅಜ್ಜಿ. ಮನೆ ಬಾಗಿಲಿಗೆ ಲಸಿಕೆ ತೆಗೆದುಕೊಂಡು ಹೋದರೂ ಬೇಡ ಅಂತಾರೆ" ಅಂದೆ. ನೀನು ದಣಿದಿದ್ದೆ, ಮೊದಲು ಊಟ ಬಡಿಸಿದೆ. ಆಮೇಲೆ ಹೇಳಬೇಕೆಂದು ಬಂದಾಗಲೆಲ್ಲ ನೀನು ಫೋನಿನಲ್ಲಿದ್ದೆ. ಹಾಗಾಗಿ ಕಾಗದ ಹಿಡಿದೆ.

ಜನಕ್ಕೆ ತಲೆ ಉಂಟು ಮಗಾ. ಅವರು ಬಾಯಲ್ಲಿ ಹೇಳುವ ಕಾರಣ ಒಂದು, ತಲೆಯಲ್ಲಿರುವ ಕಾರಣ ಇನ್ನೊಂದು. ಎರಡನೆಯದನ್ನು ಕೇಳಿ ತಿಳಿಯುವುದೇ ನಮ್ಮ ಕೆಲಸ. ಇಂಜೆಕ್ಷನ್ ಚುಚ್ಚುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ.

ನಿಮ್ಮ ಅಜ್ಜ ತೀರಿಹೋದಾಗ ನಿಮ್ಮ ಅಪ್ಪನಿಗೆ ಇನ್ನೂ ಹಾಲುಹಲ್ಲು. ಅತ್ತೆಯವರು, "ಅಳುವುದು ಸಾಕು, ಕಲಿತದ್ದು ಉಂಟಲ್ಲ, ಎಂತಾದರೂ ಮಾಡು" ಎಂದು ಮಗುವನ್ನು ತಮ್ಮ ಸೊಂಟಕ್ಕೆ ಏರಿಸಿಕೊಂಡು ನನ್ನನ್ನು ಉಡುಪಿಗೆ ದಾದಿಯ ತರಬೇತಿಗೆ ಕಳಿಸಿದರು. ಅಲ್ಲಿನ ಬನ್ನಂಜೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದೆ. ಗಂಡಸರ ತೋಳು ಹಿಡಿದು ಸ್ಪಿರಿಟ್ ಉಜ್ಜುವ ದಿನ ಬಂದಾಗ ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು. ಕಲಿಸುವ ಸಿಸ್ಟರ್ ಮಲಯಾಳಿ. "ತೋಳನ್ನು ನೋಡು, ಮುಖವನ್ನು ನೋಡಬೇಡ" ಅಂದರು. ಸುಮಾರು ವರ್ಷ ನಾನು ಈ ಊರುಗಳ ಜನರನ್ನು ತೋಳಿನಿಂದಲೇ ಗುರುತಿಸುತ್ತಿದ್ದೆ.

ಆಗಿನ ಸಾಮಾನು ನಿನಗೆ ಗೊತ್ತಿರಲಿಕ್ಕಿಲ್ಲ. ಗಾಜಿನ ಸಿರಿಂಜು, ಮತ್ತೆ ಮತ್ತೆ ಬಳಸುವ ಸೂಜಿ. ಎಲ್ಲವನ್ನೂ ಒಂದು ಸ್ಟೀಲ್ ಪೆಟ್ಟಿಗೆಯಲ್ಲಿಟ್ಟು ಸ್ಟವ್ ಮೇಲೆ ಕುದಿಸಬೇಕು. ಸೂಜಿ ಮೊಂಡಾದರೆ ಕಲ್ಲಿನ ಮೇಲೆ ತಿಕ್ಕಿ ಹರಿತ ಮಾಡುತ್ತಿದ್ದೆವು. ಸ್ಟವ್ ಹೊತ್ತುಕೊಂಡು ಬಸ್ಸು ಹತ್ತಿದರೆ ಕಂಡಕ್ಟರುಗಳು, "ಸಿಸ್ಟರೇ, ಹೋಟೆಲ್ ಎಲ್ಲಿ ಹಾಕ್ತೀರಿ?" ಎಂದು ನಗುತ್ತಿದ್ದರು. ಮದ್ದಿನ ಬಾಟಲಿಗಳು ಐಸು ತುಂಬಿದ ಫ್ಲಾಸ್ಕಿನಲ್ಲಿ. ಆ ಐಸಿನದೇ ಒಂದು ಕತೆ ಉಂಟು.

ಕಾರ್ಕಳದಲ್ಲಿ ಒಮ್ಮೆ ಕಾಲರಾ ಕಾಣಿಸಿತು. ಆ ವರ್ಷಗಳಲ್ಲಿ ಅದು ದೇಶದಿಂದ ದೇಶಕ್ಕೆ ದಾಟುತ್ತ ಬಂದ ರೋಗ ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ಈಗ ಕೊರೋನಾ ಬಂದ ಹಾಗೆಯೇ, ಆದರೆ ನಿಧಾನವಾಗಿ, ಹಡಗಿನಲ್ಲಿ, ರೈಲಿನಲ್ಲಿ, ಮನುಷ್ಯರ ಹೊಟ್ಟೆಯಲ್ಲಿ ಊರೂರು ತಿರುಗಿ ಬಂದದ್ದು. ದೊಡ್ಡವರಿಗೆಲ್ಲ ಇಂಜೆಕ್ಷನ್ ಕೊಡಬೇಕೆಂದು ನಮ್ಮನ್ನು ಕಳಿಸಿದರು. ಜೈನರ ಮನೆಗಳಿದ್ದ ಒಂದು ಬೀದಿಯಲ್ಲಿ ಒಬ್ಬರೂ ತೋಳು ಕೊಡಲಿಲ್ಲ. ಅಲ್ಲಿ ಎಲ್ಲರೂ ಮಾತು ಕೇಳುವುದು ಪದ್ಮಾವತಿಯಮ್ಮ ಎಂಬ ಹಿರಿಯ ಹೆಂಗಸಿನದು. ಅವರು ಬಾಗಿಲಲ್ಲಿ ನಿಂತು, "ನಮಗಾಗುವುದಿಲ್ಲಮ್ಮ, ನೀವು ಹೋಗಿ" ಅಂದರು. ಸಿಟ್ಟಿಲ್ಲ, ನಗು ಇಲ್ಲ. ಜೊತೆಯಲ್ಲಿದ್ದ ಹೆಲ್ತ್ ಇನ್‌ಸ್ಪೆಕ್ಟರು "ಧಾರ್ಮಿಕ ಕಾರಣ" ಎಂದು ಬರೆದುಕೊಂಡು ಮುಂದಿನ ಬೀದಿಗೆ ನಡೆದರು.

ನಾನು ನೀರು ಕೇಳುವ ನೆಪದಲ್ಲಿ ಹಿತ್ತಲಿಗೆ ಹೋದೆ. ಪದ್ಮಾವತಿಯಮ್ಮ ಚೊಂಬು ಕೊಟ್ಟು, ಮೆಲ್ಲಗೆ ಕೇಳಿದರು. "ನಿಮ್ಮ ಮದ್ದನ್ನು ಮೀನಿನಿಂದ ಮಾಡುವುದಾ?"

"ಇಲ್ಲಮ್ಮ, ಯಾರು ಹೇಳಿದ್ದು?"

"ಯಾರು ಹೇಳಬೇಕು? ಮೂಗಿಲ್ವಾ ನನಗೆ?"

ಫ್ಲಾಸ್ಕನ್ನು ಮೂಸಿ ನೋಡಿದೆ. ಬಂಗುಡೆ ಮೀನಿನ ವಾಸನೆ ಗಮ್ಮೆನ್ನುತ್ತಿತ್ತು. ಆ ದಿನ ಐಸು ಸಿಗದೆ, ಮಲ್ಪೆಯಿಂದ ಬಂದ ಮೀನಿನ ಲಾರಿಯವನ ಹತ್ತಿರ ಬೇಡಿ ತುಂಬಿಸಿಕೊಂಡಿದ್ದೆವು. ಮೀನು ತಿನ್ನುವ ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ! ಮರುದಿನ ಫ್ಲಾಸ್ಕನ್ನು ಅಂಟುವಾಳ ಹಾಕಿ ತಿಕ್ಕಿ ತೊಳೆದು, ಶರಬತ್ತಿನ ಅಂಗಡಿಯಿಂದ ಐಸು ತಂದೆ. ಪದ್ಮಾವತಿಯಮ್ಮ ಮೊದಲು ಮೂಸಿ ನೋಡಿದರು. ಆಮೇಲೆ ತೋಳು ಚಾಚಿದರು. ಅವರ ಹಿಂದೆ ಇಡೀ ಬೀದಿ ಬಂತು. ಡಾಕ್ಟರಿಗೆ ಹೇಳಿದಾಗ ಅವರು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡರು. "ಇಷ್ಟೊಂದು ಧಾರ್ಮಿಕ ಕಾರಣವನ್ನು ಒಂದು ಮುಷ್ಟಿ ಅಂಟುವಾಳದಲ್ಲಿ ತೊಳೆದಿರಲ್ಲ" ಅಂದರು.

ನಮ್ಮ ಡಾಕ್ಟರು ಆಗ ತೀರಾ ಚಿಕ್ಕ ಪ್ರಾಯದವರು. ಘಟ್ಟದ ಮೇಲಿನವರು. ತುಳು ಬಾರದು, ಕಲಿಯುವ ಆಸೆ ಬಹಳ. ಅವರ ಮೇಲೆ ಉಡುಪಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಇದ್ದರು. ಹೆಸರು ಬೇಡ, ಸಾಹೇಬರು ಎನ್ನೋಣ. ಕೆಟ್ಟವರಲ್ಲ. ಅವರಿಗೆ ಎಲ್ಲವೂ ಬೇಗ ಆಗಬೇಕು, ಅಷ್ಟೆ. ಮೇಲಿನಿಂದ ಅವರಿಗೂ ಹಾಗೆಯೇ ಒತ್ತಡ ಇದ್ದಿರಬೇಕು.

ಒಂದು ಸಲ ಸಾಹೇಬರು ಹಿರಿಯಡ್ಕದಲ್ಲಿ ಬಸ್ಸುಗಳನ್ನು ತಡೆದು, ಇಂಜೆಕ್ಷನ್ ಆದವರನ್ನು ಮಾತ್ರ ಮುಂದೆ ಬಿಡಬೇಕೆಂದು ಆಜ್ಞೆ ಮಾಡಿದರು. ಮೊದಲ ದಿನ ಒಳ್ಳೆಯ ಕೆಲಸವಾಯಿತು. ಎರಡನೆಯ ದಿನ ಬಸ್ಸು ನಿಲ್ಲುವ ಮೊದಲೇ ಹಿಂದಿನ ಬಾಗಿಲಿನಿಂದ ಜನ ಹಾರಿ ಗದ್ದೆಯ ದಾರಿ ಹಿಡಿದರು. ಆಮೇಲಿನ ದಿನಗಳಲ್ಲಿ ಬಂದವರೆಲ್ಲ ತೋಳಿನ ಮೇಲೆ ಹತ್ತಿ ಒತ್ತಿಕೊಂಡೇ ಇಳಿಯುತ್ತಿದ್ದರು. "ಆಯ್ತು ಸಿಸ್ಟರೇ, ಈಗಷ್ಟೇ ಕಾರ್ಕಳದಲ್ಲಿ ಆಯ್ತು. ಅಬ್ಬಾ, ಎಂತ ನೋವು!" ನನಗೆ ಸಂತೋಷವಾಯಿತು, ಕಾರ್ಕಳದವರು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ ಎಂದು. ಹತ್ತಿಯನ್ನು ಎತ್ತಿ ನೋಡಿದರೆ ಅಡಿಯಲ್ಲಿ ಎಂತದೂ ಇಲ್ಲ. ಒಬ್ಬ ಕಂಡಕ್ಟರು ಟಿಕೆಟಿನ ಜೊತೆಗೆ ಒಂದೊಂದು ಉಂಡೆ ಹತ್ತಿಯನ್ನೂ ಹಂಚುತ್ತಿದ್ದನಂತೆ. ಕೇಳಿದರೆ, "ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಉಡುಪಿ ಮುಟ್ಟಬೇಕಲ್ಲ ಸಿಸ್ಟರೇ, ಹಿಂದಿನ ಬಸ್ಸಿನವನು ನನ್ನ ಜನ ಹೊಡೀತಾನೆ" ಅಂದ. ಬಲವಂತಕ್ಕೆ ಸಿಕ್ಕಿದ್ದು ಆ ಹತ್ತಿ ಮಾತ್ರ.

ಬಲವಂತದ ಮಾತು ಬಂದಾಗ ತುರ್ತು ಪರಿಸ್ಥಿತಿಯ ಕಾಲವನ್ನು ಹೇಳದೆ ಆಗುವುದಿಲ್ಲ. ಸಂತಾನ ನಿಯಂತ್ರಣದ ಆಪರೇಷನ್ನಿಗೆ ಜನರನ್ನು ಕರೆತರಬೇಕೆಂದು ಆಗ ನಮ್ಮ ಇಲಾಖೆಯವರ ಮೇಲೆ ಎಷ್ಟು ಒತ್ತಡ ಇತ್ತೆಂದರೆ, ನಮ್ಮ ಬಿಳಿ ಸೀರೆ ಕಂಡರೆ ಗಂಡಸರು ದೋಣಿಯ ಮರೆಗೆ ಹೋಗುತ್ತಿದ್ದರು. ಅದು ಮುಗಿದ ಮರುವರ್ಷ ಕಾಪುವಿನ ಕಡೆ ಕಾಲರಾ ಬಂತು. ನಾವು ಯಾವ ಸೂಜಿ ಹಿಡಿದು ಹೋದರೂ ಒಂದೇ ಪ್ರಶ್ನೆ, "ಅದೇ ಸೂಜಿಯಾ?"

ಕಾಪುವಿನ ಪೇಟೆಯ ಹಿಂದೆ ಬ್ಯಾರಿ ಮುಸಲ್ಮಾನರ ಮನೆಗಳಿದ್ದ ಓಣಿಯಲ್ಲಿ ಐಸಮ್ಮ ಎಂದು ಒಬ್ಬರಿದ್ದರು. ಒಬ್ಬ ಮಗ ಗಲ್ಫಿನಲ್ಲಿ. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಸೊಸೆಯರನ್ನೆಲ್ಲ ಒಳಗೆ ಕಳಿಸಿ ತಾವು ಮೆಟ್ಟಿಲಲ್ಲಿ ಕುಳಿತರು.

"ಈ ಸೂಜಿ ಹಾಕಿದರೆ ಮಕ್ಕಳಾಗುವುದಿಲ್ಲವಂತೆ, ಹೌದಾ?"

"ಯಾರು ಹೇಳಿದರು ನಿಮಗೆ?"

"ಯಾರು ಹೇಳಲಿಲ್ಲ ಅಂತ ಕೇಳಿ."

ಸುಮ್ಮನೆ ಕೇಳಿದೆ, "ನಿಮ್ಮ ಮಗ ವಿಮಾನ ಹತ್ತುವ ಮೊದಲು ಬೊಂಬಾಯಿಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡಿರಬೇಕಲ್ಲ? ಇಂಜೆಕ್ಷನ್ ಆದದ್ದನ್ನು ಬರೆದ ಹಳದಿ ಪುಸ್ತಕ ಇಲ್ಲದೆ ಅವರನ್ನು ಬಿಡುತ್ತಿರಲಿಲ್ಲ."

"ಹಾಕಿದ್ದಾನೆ. ಎರಡು ದಿನ ಜ್ವರ ಅಂತ ಕಾಗದ ಬರೆದಿದ್ದ."

"ಅದೇ ಮದ್ದು ಇದು. ಕಾಲರಾದ್ದು."

ಐಸಮ್ಮ ಯೋಚಿಸಿದರು. ಮಗ ರಜೆಗೆ ಬಂದು ಹೋದದ್ದು, ಆಮೇಲೆ ಸೊಸೆ ಹೆತ್ತದ್ದು, ಎಲ್ಲವನ್ನೂ ಬೆರಳಿನ ಗೆಣ್ಣಿನ ಮೇಲೆ ಎಣಿಸಿದರು. ಆಮೇಲೆ ಎದ್ದು ಒಳಗೆ ಹೋಗಿ, ತೊಟ್ಟಿಲಿನಲ್ಲಿದ್ದ ಒಂದು ಗುಂಡುಗುಂಡು ಮಗುವನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು, "ಸೂಜಿ ಹಾಕಿದ ಮೇಲೆ ಹುಟ್ಟಿದ್ದು ಇದು! ನೋಡಿ, ಬಂದು ನೋಡಿ!" ಆ ದಿನ ಮಧ್ಯಾಹ್ನದವರೆಗೆ ಆ ಮಗು ಮನೆಯಿಂದ ಮನೆಗೆ ಹೋಯಿತು, ಹಿಂದಿನಿಂದ ನನ್ನ ಸ್ಟವ್ ಹೋಯಿತು. ನಾನು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡರೂ ಆಗದ ಕೆಲಸ, ಮಾತು ಬಾರದ ಮಗು ಮಾಡಿತು.

ಇದೇ ಧೈರ್ಯದಲ್ಲಿ ನಾವು ಕಡಲ ಕರೆಗೆ, ಎಂದರೆ ದಡದ ಮನೆಗಳಿಗೆ, ಇಳಿದೆವು. ಅಲ್ಲಿ ಐಸಮ್ಮನ ಮಗು ಕೆಲಸಕ್ಕೆ ಬರಲಿಲ್ಲ.

ಅಲ್ಲಿ ಮೀನುಗಾರರ ಮನೆಗಳು, ಎಲ್ಲರಿಗೂ ಒಂದೇ ಬಾವಿ. ಬಾಬು ಎಂಬ ಗಟ್ಟಿಮುಟ್ಟಾದ ಆಳು ಬೆಳಿಗ್ಗೆ ವಾಂತಿ ಶುರುವಾಗಿ ಸಂಜೆಯೊಳಗೆ ತೀರಿಹೋಗಿದ್ದ. ಇನ್ನಿಬ್ಬರು ಮಲಗಿದ್ದರು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು. ಇಂಜೆಕ್ಷನ್ ಮಾತ್ರ ಯಾರಿಗೂ ಬೇಡ. ಒಬ್ಬ "ನಿನ್ನೆ ಕಳ್ಳು ಕುಡಿದಿದ್ದೇನೆ, ಮದ್ದು ತಿರುಗುತ್ತದೆ" ಅಂದ. ಇನ್ನೊಬ್ಬ "ದೈವಕ್ಕೆ ಹರಕೆ ಹೇಳಿದ್ದೇವೆ, ನಡುವೆ ಸೂಜಿ ಹಾಕಿದರೆ ದೈವಕ್ಕೆ ಬೇಸರವಾಗುತ್ತದೆ" ಅಂದ. ಮತ್ತೊಬ್ಬ "ಅದೇ ಸೂಜಿ" ಅಂದ. ಹೆಂಗಸರು ನಕ್ಕು ಬುಟ್ಟಿ ಹೊತ್ತು ಹೋದರು. ಸಾಹೇಬರ ಜೀಪು ಬಂದು ಮೈಕಿನಲ್ಲಿ, "ಇಂಜೆಕ್ಷನ್ ತೆಗೆದುಕೊಂಡವರಿಗೆ ಕಾಲರಾ ಬರುವುದೇ ಇಲ್ಲ" ಎಂದು ಕೂಗಿ ಹೋಯಿತು. ಹೀಗೆ ಎರಡು ದಿನ ಸ್ಟವ್ ಹೊತ್ತಿಸಿ, ಸೂಜಿ ಕುದಿಸಿ, ಹಾಗೆಯೇ ಆರಿಸಿಕೊಂಡು ವಾಪಸಾದೆವು.

ನನಗೆ ಒಂದು ಅನುಮಾನ. ಕಾರಣಗಳು ದಿನಕ್ಕೊಂದು ಬದಲಾಗುತ್ತಿದ್ದವು. ನಿಜವಾದ ಕಾರಣ ಹಾಗೆ ಬದಲಾಗುವುದಿಲ್ಲ.

ಮರುದಿನ ಬಾವಿಕಟ್ಟೆಯಲ್ಲಿ ಅಪ್ಪಿಯಕ್ಕ ಸಿಕ್ಕಿದರು. ಮೀನು ಮಾರುವವರು. ಅವರ ಗಂಡ ದೂಮಣ್ಣ ಆ ಕರೆಯ ರಂಪಣಿ ಬಲೆಯ ತಂಡೇಲರು, ಎಂದರೆ ಬಲೆಯ ಯಜಮಾನಿಕೆ ಅವರದು. ರಂಪಣಿ ಈಗ ಇಲ್ಲವಾದ್ದರಿಂದ ಹೇಳುತ್ತೇನೆ. ಅದು ಬಹಳ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯಬೇಕು. ಊರಿಗೆ ಊರೇ ಎಳೆಯಬೇಕು. ಸಿಕ್ಕಿದ ಮೀನು ಎಳೆದವರಿಗೆಲ್ಲ ಪಾಲು. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಪ್ಪಿಯಕ್ಕ, ನೀವಾದರೂ ತೆಗೆದುಕೊಳ್ಳಿ. ದೈವಕ್ಕೆ ನಾನೇ ತಪ್ಪುಕಾಣಿಕೆ ಇಡುತ್ತೇನೆ."

"ದೈವಕ್ಕೆ ಎಂತ ಆಗಿದೆ ಮಾರಾಯ್ತಿ! ದೈವ ಪಾಪ ಸುಮ್ಮನೆ ಕೂತಿದೆ" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತುಂಬಿದ ಕೊಡವನ್ನು ತಲೆಗೇರಿಸಿ, ಒಂದು ಕೈಯಲ್ಲಿ ಹಿಡಿದು ನಿಂತು ತೋರಿಸಿದರು. "ನೋಡು. ಬುಟ್ಟಿಯನ್ನು ಹೀಗೆ ಹಿಡಿದು ಉಡುಪಿಯ ಮಾರ್ಕೆಟಿನಲ್ಲಿ ಬಸ್ಸಿಳಿಯಬೇಕು. ನಿನ್ನ ಸೂಜಿ ಹಾಕಿದರೆ ತೋಳು ಕುಂಬಳಕಾಯಿ ಆಗುತ್ತದಂತಲ್ಲ. ಈ ಕೈ ಎತ್ತುವುದು ಹೇಗೆ?"

"ಗಂಡಸರಿಗೆ?"

"ಅವರಿಗೆ ಹಗ್ಗ ಇಲ್ಲವಾ? ಈಗ ಬಂಗುಡೆ ಬರುವ ಸಮಯ. ಹಗ್ಗ ಹಿಡಿಯದವನಿಗೆ ಪಾಲಿಲ್ಲ. ಇವತ್ತಿನದ್ದಲ್ಲ ಈ ಕಟ್ಟು, ನಮ್ಮ ಅಜ್ಜಂದಿರ ಕಾಲದ್ದು. ಜ್ವರ ಬಂದರೂ ಇಲ್ಲ, ಮದುವೆ ಇದ್ದರೂ ಇಲ್ಲ."

"ಹಾಗಾದರೆ ಅದನ್ನೇ ಹೇಳಬಹುದಿತ್ತಲ್ಲ. ದೈವದ ಹೆಸರು ಯಾಕೆ?"

ಅಪ್ಪಿಯಕ್ಕ ನನ್ನನ್ನು ಕರುಣೆಯಿಂದ ನೋಡಿದರು. "ಕಡಲಿಗೆ ಹೋಗುವ ಗಂಡಸು 'ಕೈ ನೋಯುತ್ತದೆ' ಅಂತ ನಿನ್ನೆದುರು ಹೇಳುತ್ತಾನಾ? ನಿನಗೆ ಗಂಡನಿದ್ದನಾ ಇಲ್ಲವಾ?"

ಶ್ರಾವ್ಯಾ, ಅಲ್ಲಿಯವರೆಗೆ ನಾನು ಕಲಿತದ್ದಕ್ಕಿಂತ ಹೆಚ್ಚಿನದನ್ನು ಆ ಬಾವಿಕಟ್ಟೆಯಲ್ಲಿ ಕಲಿತೆ. ಕೂಡಲೇ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಟೀ ಅರ್ಧಕ್ಕೆ ಬಿಟ್ಟು ಎದ್ದರು. "ನಡೀರಿ, ತಂಡೇಲರ ಮನೆಗೆ ಹೋಗೋಣ. ಮಾತು ನೀವೇ ಆಡಬೇಕು" ಅಂದರು.

ದೂಮಣ್ಣ ಬಲೆಯ ಹರಿದ ಕಡೆ ಹೆಣೆಯುತ್ತ ಕುಳಿತಿದ್ದರು. ಎತ್ತರದ ಆಳು, ಮಾತು ಕಡಿಮೆ. ನಾನು ನೆಲ ನೋಡುತ್ತ, ಅವರ ಬಲೆಗೇ ಹೇಳುವ ಹಾಗೆ ಎಲ್ಲ ಹೇಳಿದೆ. ಬಾಬುವಿನ ಹಾಗೆ ಇನ್ನೊಬ್ಬ ಹೋಗಬಾರದು, ಬಾವಿ ಒಂದೇ ಇದೆ, ಎಲ್ಲರಿಗೂ ಹರಡುತ್ತದೆ ಎಂದೆ. ಅವರು ಕೇಳಿ, ಡಾಕ್ಟರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಇದು ಹಾಕಿದರೆ ರೋಗ ಬರುವುದೇ ಇಲ್ಲವಾ? ಜೀಪಿನಲ್ಲಿ ಹಾಗೆ ಹೇಳಿದ್ದಾರೆ."

ಹೌದು ಎಂದರೆ ಡಾಕ್ಟರ ಕೆಲಸ ಸುಲಭ. "ಬರಲೂಬಹುದು" ಅಂದರು. "ಬರುವ ಸಂಭವ ಕಡಿಮೆಯಾಗುತ್ತದೆ. ಅದೂ ಕೆಲವು ತಿಂಗಳು. ನೀರು ಕುದಿಸಿಯೇ ಕುಡಿಯಬೇಕು."

ದೂಮಣ್ಣ ಹೆಣೆಯುವುದನ್ನು ನಿಲ್ಲಿಸಿದರು. "ನಾಳೆ ಮೀನು ಸಿಕ್ಕೇ ಸಿಗುತ್ತದೆ ಅನ್ನುವವನನ್ನು ನಾನು ದೋಣಿಗೆ ಹತ್ತಿಸುವುದಿಲ್ಲ ಡಾಕ್ಟ್ರೆ. ನೀವು ಬರಲೂಬಹುದು ಅಂದಿರಿ. ನಿಮ್ಮ ಹತ್ತಿರ ಮಾತಾಡಬಹುದು."

ಆ ಸಂಜೆ ಕರೆಯ ಗಂಡಸರೆಲ್ಲ ಸೇರಿದರು. ದೂಮಣ್ಣ ಹೊಸ ಕಟ್ಟು ಮಾಡಿದರು. ಎಳೆಯುವವರನ್ನು ಮೂರು ಗುಂಪು ಮಾಡುವುದು. ಒಂದು ಗುಂಪು ಸೂಜಿ ಹಾಕಿಸಿಕೊಂಡು ಎರಡು ದಿನ ಕೂರುವುದು, ಉಳಿದವರು ಅವರ ಹಗ್ಗವನ್ನೂ ಎಳೆಯುವುದು. ಕೂತವರಿಗೂ ಪಾಲು.

ಗಲಾಟೆಯೆದ್ದಿತು. "ಎಳೆಯದವನಿಗೆ ಪಾಲಾ? ಎಲ್ಲಿಯಾದರೂ ಉಂಟಾ?" ಎಂದು ಒಬ್ಬ ಮುದುಕ ಎದ್ದು ನಿಂತರು. "ನಾಳೆ ಹೆಂಡತಿ ಬೈದಳು ಅಂತ ಕೂತವನಿಗೂ ಕೊಡುವುದಾ?"

"ಹಾಗಾದರೆ ನಿನಗೆ ದಿನಾ ಪಾಲು ಅಜ್ಜ" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಗುವಿನಲ್ಲೇ ಒಪ್ಪಿಗೆಯಾಯಿತು. ಹೆಂಗಸರೂ ತಮ್ಮೊಳಗೆ ಹಾಗೆಯೇ ಮಾಡಿಕೊಂಡರು. ಒಬ್ಬಳ ಬುಟ್ಟಿಯ ಮೀನನ್ನು ಇನ್ನೊಬ್ಬಳು ಮಾರಿಕೊಡುವುದು ಎಂದಾಯಿತು.

ದೂಮಣ್ಣ ತಮ್ಮ ಹೆಸರನ್ನು ಕೊನೆಯ ಗುಂಪಿಗೆ ಹಾಕಿಕೊಂಡರು. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುವವರು ಅವರೊಬ್ಬರೇ. ಆಳು ಕಡಿಮೆಯಿದ್ದಾಗ ಮೊದಲೇ ಅವರೂ ಕೂತರೆ ಬಲೆ ಬಿಡುವುದೇ ಬೇಡ, ಕೂತವರಿಗೆ ಕೊಡಲು ಪಾಲೂ ಇಲ್ಲ. "ನೀವು ಮೊದಲು ತೆಗೆದುಕೊಂಡರೆ ಜನಕ್ಕೆ ಧೈರ್ಯ" ಎಂದೆ ನಾನು. "ಜನಕ್ಕೆ ಧೈರ್ಯ ಉಂಟು. ಅನ್ನ ಬೇಕು" ಅಂದರು.

ಮೊದಲ ಗುಂಪು ಆಯಿತು. ತೋಳು ಊದಿಸಿಕೊಂಡ ಗಂಡಸರು ತೆಂಗಿನ ಮರದ ಕೆಳಗೆ ಕೂತು, ಎಳೆಯುವವರಿಗೆ ಬುದ್ಧಿ ಹೇಳುತ್ತ ಬೈಸಿಕೊಂಡರು. ಅವರ ಮನೆಗೂ ಮೀನು ಹೋಯಿತು. ಎರಡನೆಯ ಗುಂಪು ಕರೆಯದೆಯೇ ಸಾಲು ನಿಂತಿತು. ಮೂರನೆಯ ಗುಂಪಿನ ದಿನ ಬೆಳಿಗ್ಗೆ ದೊಡ್ಡ ಹಿಂಡು ಬಂತೆಂದು ಕೂಗಾಯಿತು. ದೂಮಣ್ಣ ನನ್ನ ಕಡೆ ಕೈ ಎತ್ತಿ, "ನಾಳೆ ನರ್ಸಮ್ಮ" ಎಂದು ದೋಣಿಗೆ ಹಾರಿದರು. ಮೂರನೆಯ ಗುಂಪೂ ಹಗ್ಗಕ್ಕೆ ಓಡಿತು, ನಾನು ಸ್ಟವ್ ಆರಿಸಿದೆ.

ಮರುದಿನ ಬೆಳಿಗ್ಗೆ ನಾವು ಕರೆಗೆ ಇಳಿಯುವಾಗ ಅಪ್ಪಿಯಕ್ಕ ಮರಳಿನಲ್ಲಿ ಓಡಿ ಬಂದರು. ಆ ಎತ್ತರದ ಆಳು ಜಗಲಿಯಲ್ಲಿ ಮಡಚಿ ಬಿದ್ದಿದ್ದರು. ಕಣ್ಣು ಗುಳಿಬಿದ್ದು, ಬೆರಳ ತುದಿ ನೆರಿಗೆಗಟ್ಟಿ, ಸ್ವರ ಹೊರಡುತ್ತಿರಲಿಲ್ಲ. ಡಾಕ್ಟರು ನರ ಹುಡುಕಿ ಸಲೈನ್ ಏರಿಸಿದರು. ನಮ್ಮಲ್ಲಿದ್ದ ಬಾಟಲಿಗಳು ಸಾಲುವುದಿಲ್ಲ, ಮಣಿಪಾಲದ ಆಸ್ಪತ್ರೆಗೆ ಒಯ್ಯಬೇಕು. ವಾಹನ ಎಂದರೆ ಐಸು ತುಂಬಿ ನಿಂತಿದ್ದ ಮೀನಿನ ಲಾರಿಯೊಂದೇ. ಡ್ರೈವರು ಪೆಟ್ಟಿಗೆಗಳನ್ನು ಮರಳಿಗೆ ಇಳಿಸಿದ. ಡಾಕ್ಟರು ಹಿಂದೆ ಕುಳಿತು ಬಾಟಲಿ ಎತ್ತಿ ಹಿಡಿದರು, ಅಪ್ಪಿಯಕ್ಕ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡರು. ಲಾರಿ ಹೊರಡುವಾಗ ಡಾಕ್ಟರು ನನಗೆ, "ನೀವು ಇಲ್ಲೇ ಇರಿ. ಮೂರನೆಯ ಗುಂಪನ್ನು ಬಿಡಬೇಡಿ" ಅಂದರು.

ಮೂರನೆಯ ಗುಂಪು ತೆಂಗಿನ ಮರದ ಕೆಳಗೆ ಕೂತಿತ್ತು. ನಾನು ಸೂಜಿ ಕುದಿಸಲು ಇಟ್ಟೆ. ಆಗ ಸಾಹೇಬರ ಜೀಪು ಬಂತು.

ಅವರಿಗೆ ಸುದ್ದಿ ಅರ್ಧ ಮುಟ್ಟಿತ್ತು. ತಂಡೇಲರಿಗೆ ಕಾಲರಾ, ತಂಡೇಲರಿಗೆ ಇಂಜೆಕ್ಷನ್ ಆಗಿರಲಿಲ್ಲ, ಇಷ್ಟೇ. ಜನರಿಗೆ ಬುದ್ಧಿ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ ಎಂದುಕೊಂಡರೋ ಏನೋ. ಮೈಕು ಹಿಡಿದು, "ನೋಡಿದಿರಾ? ಇಂಜೆಕ್ಷನ್ ನಿರಾಕರಿಸಿದ ನಿಮ್ಮ ತಂಡೇಲರ ಗತಿ ನೋಡಿದಿರಾ? ಮೂಢನಂಬಿಕೆಯಿಂದ..." ಎಂದು ಶುರುಮಾಡಿದರು.

ಮರದ ಕೆಳಗೆ ಒಬ್ಬ ಎದ್ದು ನಿಂತ. ಅವನ ಹಿಂದೆ ಇನ್ನೊಬ್ಬ. ಹೆಗಲ ಮೇಲಿನ ಬಟ್ಟೆ ಕೊಡವಿಕೊಂಡು ಒಬ್ಬೊಬ್ಬರೇ ಕಡಲಿನ ಕಡೆ ತಿರುಗಿದರು. ಅವರು ಸೂಜಿಗೆ ಹೆದರಿ ಎದ್ದವರಲ್ಲ. ತಮ್ಮ ತಂಡೇಲರನ್ನು ಹಾಗೆ ಅಂದವರ ಕೈಯಿಂದ ಅವರಿಗೆ ಎಂತದೂ ಬೇಡವಾಗಿತ್ತು. ಅವರು ಹೋದರೆ ಅವರ ಹಿಂದೆ ಎಲ್ಲ ಹೋಗುತ್ತಿತ್ತು, ಬಾವಿಯ ಔಷಧಿ, ಕುದಿಸಿದ ನೀರು, ನಮ್ಮ ಮಾತು, ಎಲ್ಲ. ಮಣಿಪಾಲದ ದಾರಿಯಲ್ಲಿ ಮೀನಿನ ಲಾರಿಯಲ್ಲಿ ಮಲಗಿದ್ದ ಮನುಷ್ಯ ಬದುಕಿ ಬಂದರೂ, ಸೂಜಿಗೆ ಹೆದರಿದ ತಂಡೇಲ ಎಂಬ ಹೆಸರಿನಲ್ಲೇ ಬದುಕಬೇಕಾಗುತ್ತಿತ್ತು.

ನಾನು ಜೀಪಿನ ಹತ್ತಿರ ಹೋದೆ. ಹೇಗೆ ಹೋದೆ ಎಂದು ಕೇಳಬೇಡಿ. "ಸಾರ್, ಅವರು ಬೇಡ ಅಂದವರಲ್ಲ" ಎಂದೆ.

"ಏನಮ್ಮಾ?"

"ಅವರು ಬೇಡ ಅಂದವರಲ್ಲ ಸಾರ್. ಉಳಿದವರಿಗೆ ಆಗಲಿ ಅಂತ ತನ್ನ ಪಾಳಿ ಬಿಟ್ಟುಕೊಟ್ಟವರು. ಇವರಿಗೆಲ್ಲ ಇಂಜೆಕ್ಷನ್ ಆದದ್ದು ಅವರಿಂದ."

ಸಾಹೇಬರು ನನ್ನನ್ನು ನೋಡಿದರು. ಈ ನರ್ಸಿಗೆ ಸ್ವರ ಇದೆಯೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಮೈಕನ್ನು ಒಮ್ಮೆ ನೋಡಿ, ನನ್ನ ಕೈಗೆ ಕೊಟ್ಟು, "ನನಗೆ ಗೊತ್ತಿರಲಿಲ್ಲ. ನೀವೇ ಹೇಳಿ" ಅಂದರು.

ಮೈಕನ್ನು ಬಾಯಿಯ ಹತ್ತಿರ ತಂದರೆ ಗರಗರ ಶಬ್ದ ಬಂತು. ಅದನ್ನು ಜೀಪಿನ ಮೇಲಿಟ್ಟೆ. ಹೋಗುತ್ತಿದ್ದವರ ಬೆನ್ನಿಗೆ ತುಳುವಿನಲ್ಲಿ ಕೂಗಿದೆ, "ಅಣ್ಣಂದಿರೇ, ತಂಡೇಲರು ಪಾಳಿ ಬಿಟ್ಟುಕೊಟ್ಟದ್ದು ನಿಮಗೆ! ಅದನ್ನು ಹಾಗೇ ಬಿಟ್ಟು ಹೋಗುತ್ತೀರಾ?"

ಹೋಗುತ್ತಿದ್ದವರು ನಿಂತರು. ಆಮೇಲೆ, ಎಳೆಯದವನಿಗೆ ಪಾಲಿಲ್ಲ ಎಂದು ಜಗಳ ಮಾಡಿದ್ದ ಅದೇ ಮುದುಕ ವಾಪಸು ಬಂದು ಸ್ಟವ್ ಎದುರು ಕುಕ್ಕರಗಾಲಲ್ಲಿ ಕುಳಿತರು. "ಹಾಕು ಮಗಳೇ. ನಾಳೆ ತಂಡೇಲ ಬಂದು ಕೇಳಿದರೆ ನಾನು ಎಂತ ಹೇಳುವುದು?" ಅವರ ತೋಳು ಒಣಗಿದ ಕಟ್ಟಿಗೆಯ ಹಾಗಿತ್ತು. ಆ ದಿನ ಮೊದಲ ಸಲ ನಾನು ತೋಳಿನ ಜೊತೆ ಮುಖವನ್ನೂ ನೋಡಿ ಸೂಜಿ ಹಾಕಿದೆ. ಸಾಹೇಬರು ಕೋಟು ಬಿಚ್ಚಿ ಜೀಪಿನಲ್ಲಿಟ್ಟು, ಸಾಲು ಮುಗಿಯುವ ತನಕ ಸ್ಪಿರಿಟಿನ ಹತ್ತಿ ಹಿಂಡಿ ಹಿಂಡಿ ಕೊಟ್ಟರು.

ದೂಮಣ್ಣ ಬದುಕಿದರು. ಆಸ್ಪತ್ರೆಯಿಂದ ಬಂದಾಗ ಅರ್ಧಕ್ಕರ್ಧ ಇಳಿದಿದ್ದರು. ಅವರು ಮಲಗಿದ್ದಷ್ಟು ದಿನ ದಿನಾ ಮನೆ ಬಾಗಿಲಿಗೆ ಪಾಲಿನ ಮೀನು ಬಂದಿತ್ತೆಂದು ತಿಳಿದು ಎಲ್ಲರನ್ನೂ ಬೈದರಂತೆ. "ಕಟ್ಟು ಮಾಡಿದ್ದು ಸೂಜಿಯ ಎರಡು ದಿನಕ್ಕೆ. ನಾನು ಸೂಜಿ ಹಾಕಿಸಿಕೊಂಡಿದ್ದೇನಾ?" ಅದಕ್ಕೆ ಆ ಮುದುಕ, "ಸೂಜಿ ಹಾಕಿಸಿಕೊಳ್ಳದ್ದಕ್ಕೇ ಕೊಟ್ಟದ್ದು, ಸುಮ್ಮನೆ ತಿನ್ನು ಮಾರಾಯ" ಅಂದರಂತೆ. ಆಮೇಲೆ ದೂಮಣ್ಣ ನಮ್ಮ ಕೇಂದ್ರಕ್ಕೂ ಬಂದು ಸಾಲಿನಲ್ಲಿ ಕುಳಿತರು. ಈಗಷ್ಟೇ ರೋಗ ಬಂದು ಹೋಗಿದೆ, ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡು ಹೋದರು.

ಆ ಕರೆಯಲ್ಲಿ ಬಾಬುವಿನ ನಂತರ ಯಾರೂ ಸಾಯಲಿಲ್ಲ. ಅದು ಇಂಜೆಕ್ಷನ್ನಿನಿಂದಲೋ, ಬಾವಿಗೆ ಹಾಕಿದ ಪೌಡರಿನಿಂದಲೋ, ಕುದಿಸಿದ ನೀರಿನಿಂದಲೋ ನಾನು ಹೇಳಲಾರೆ. ಕಾಲರಾದ ಆ ಇಂಜೆಕ್ಷನ್ ಅಷ್ಟೇನೂ ಬಲವಾದದ್ದಲ್ಲ ಎಂದು ಆಮೇಲೆ ಸರಕಾರವೇ ಅದನ್ನು ಬಿಟ್ಟಿತು. ಎಂಬತ್ತರ ದಶಕದಲ್ಲಿ ಉಪ್ಪು ಸಕ್ಕರೆ ನೀರಿನ ಪೊಟ್ಟಣ ಬಂತು. ಆ ಪೊಟ್ಟಣ ಹಿಡಿದು ನಾನು ಎಷ್ಟು ಜನರನ್ನು ಉಳಿಸಿಕೊಂಡಿದ್ದೇನೋ, ಲೆಕ್ಕ ಇಟ್ಟಿಲ್ಲ. ಅದನ್ನು ಮೊದಲ ಸಲ ಕರೆಗೆ ಒಯ್ದಾಗ ಅಪ್ಪಿಯಕ್ಕ ಒಂದು ಗುಟುಕು ಕುಡಿದು, "ಇದನ್ನು ಆಗಲೇ ತರಲಿಕ್ಕೆ ಆಗುತ್ತಿರಲಿಲ್ಲವಾ?" ಎಂದು ಬೈದರು. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಅಂದು "ಬರಲೂಬಹುದು" ಎಂದು ನಿಜ ಹೇಳಿದ್ದಕ್ಕೆ ಮುಂದಿನ ಎಲ್ಲ ವರ್ಷವೂ ಆ ಬಾಗಿಲುಗಳು ನನಗೆ ತೆರೆದಿದ್ದವು. ಮದ್ದು ಮಾಡುವಷ್ಟನ್ನೇ ಹೇಳು ಶ್ರಾವ್ಯಾ, ಒಂದು ತೂಕ ಹೆಚ್ಚು ಬೇಡ. ಮತ್ತೆ ಯಾರಾದರೂ ಬೇಡ ಅಂದರೆ, ನಾಳೆ ಅವರಿಗೆ ಎಂತ ಕೆಲಸ ಉಂಟು ಎಂದು ಕೇಳು.

ರಂಪಣಿ ಹೋಯಿತು, ಯಂತ್ರದ ದೋಣಿ ಬಂತು. ದೂಮಣ್ಣ, ಅಪ್ಪಿಯಕ್ಕ, ಇಬ್ಬರೂ ಈಗಿಲ್ಲ. ಸಾಹೇಬರು ಅಂದು ಮೈಕಿನಲ್ಲಿ ಆಡಿದ ಮಾತು ಕರೆಯ ಆಚೆಗೂ ಕೇಳಿತ್ತು. ನಾನು ಮೈಕಿಲ್ಲದೆ ಕೂಗಿದ್ದು ಮರದ ಕೆಳಗೆ ಇದ್ದವರಿಗೆ ಮಾತ್ರ ಕೇಳಿತು. ಪೇಟೆಯಲ್ಲಿ ಬಹಳ ವರ್ಷದವರೆಗೆ, "ಸೂಜಿ ಬೇಡ ಅಂದು ಕಾಲರಾ ಹಿಡಿಸಿಕೊಂಡ ತಂಡೇಲ" ಎಂದು ದೂಮಣ್ಣನ ಕತೆ ಹೇಳುವವರ ಬಾಯಿಯನ್ನು ನಾನು ಸಿಕ್ಕಸಿಕ್ಕಲ್ಲಿ ಮುಚ್ಚಿಸಿದ್ದೇನೆ. ಇನ್ನು ನನ್ನ ಕೈಯಲ್ಲಿ ಎಷ್ಟು ದಿನ ಆಗುತ್ತದೋ.

ದೂಮಣ್ಣನ ಮೊಮ್ಮಕ್ಕಳು ಕಾಪುವಿನಲ್ಲಿದ್ದಾರೆ, ನಿಮ್ಮದೇ ಪ್ರಾಯದವರು. ಅವರಲ್ಲಿ ಯಾರಾದರೂ ಒಂದು ದಿನ ಬಂದು, "ನಮ್ಮ ಅಜ್ಜ ಸೂಜಿ ಬೇಡ ಅಂದವರಂತೆ, ಹೌದಾ?" ಎಂದು ಕೇಳಿದರೆ ಕೊಡಲಿಕ್ಕೆ ಬೇಕು, ಈ ಹಾಳೆಗಳನ್ನು ಗೆದ್ದಲು ಹಿಡಿಯದ ಕಡೆ ಜೋಪಾನವಾಗಿ ಇಡಿ.

ನಿಮ್ಮ ಅಜ್ಜಿ